ಸವೆಯದ ಟೈರಿಗೊಂದು ಸವಿನಯ ಮನವಿ

ವರ್ತೂರು,
೧೮ ಮೇ ೧೯೮೪

ಇವರಿಗೆ,
ಮಾನ್ಯ ಹಿಂದಿನ ಚಕ್ರದ ಟೈರ್ ಮಹಾಶಯರು,
ನಮ್ಮ ಮೋಟಾರ್ ಸೈಕಲ್,
ಹಾಲಿನ ಡೇರಿಯ ಮುಂದೆ, ಹೊಂಗೆ ಮರದ ನೆರಳು.

ವಿಷಯ: ತಾವು ದಯಮಾಡಿ ಸವೆಯಬೇಕೆಂದು ಕೋರಿ.

ಮಾನ್ಯರೇ,

ಮೈಯೆಲ್ಲ ಪಾದವೇ ಆಗಿರುವ ತಮ್ಮನ್ನು ಎಲ್ಲಿ ಮುಟ್ಟಿ ನಮಸ್ಕರಿಸಬೇಕೆಂದು ತಿಳಿಯದೆ, ತಮ್ಮ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ಇತ್ತ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮದ ಬಗ್ಗೆ ಆಗಾಗ ಬರೆಯುತ್ತಿರಬೇಕೆಂದು ಕೇಳಿಕೊಳ್ಳುವುದು ವಾಡಿಕೆಯಾದರೂ ತಮ್ಮ ವಿಷಯದಲ್ಲಿ ಅದರ ಅಗತ್ಯ ಕಾಣುವುದಿಲ್ಲ. ಅಂಗಡಿಯಿಂದ ಬಂದ ದಿನ ತಾವು ಹೇಗಿದ್ದಿರೋ ಇವತ್ತಿಗೂ ಹಾಗೆಯೇ ಇದ್ದೀರಿ, ನನ್ನ ದೂರು ಇರುವುದೂ ಅದರ ಬಗ್ಗೆಯೇ.

ಹದಿಮೂರು ತಿಂಗಳಿಂದ ತಾವು ನನ್ನನ್ನು ಹೊತ್ತು ತಿರುಗುತ್ತಿದ್ದರೂ ನಮ್ಮಿಬ್ಬರ ನಡುವೆ ಪರಿಚಯದ ಮಾತು ನಡೆದಿಲ್ಲವಾದ್ದರಿಂದ ಮೊದಲು ಅದನ್ನು ಮುಗಿಸುತ್ತೇನೆ. ನನ್ನ ಹೆಸರು ಗೋಪಾಲಪ್ಪ, ವರ್ತೂರಿನ ಚಿಕ್ಕಬೈರಪ್ಪನವರ ಮಗ, ವೈಟ್‌ಫೀಲ್ಡ್ ಕಡೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ನನ್ನ ಹೆಂಡತಿ ವಸಂತಮ್ಮ ಅದೇ ರಸ್ತೆಯಲ್ಲಿ, ರೇಡಿಯೋ ಬಿಡಿಭಾಗಗಳಿಗೆ ಬೆಸುಗೆ ಹಾಕುವ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ದಿನಾ ಬೆಳಿಗ್ಗೆ ಅವಳು ನನ್ನ ಹಿಂದೆ, ಅಂದರೆ ಹೆಚ್ಚುಕಡಿಮೆ ತಮ್ಮ ನೆತ್ತಿಯ ಮೇಲೆ, ಬಲಗೈಯನ್ನು ನನ್ನ ಹೆಗಲ ಮೇಲಿಟ್ಟು ಕೂತು ಬರುತ್ತಿದ್ದಳು. ಬರುತ್ತಿದ್ದಳು ಎಂದು ಬರೆಯಬೇಕಾಗಿ ಬಂದದ್ದಕ್ಕೆ ಕಾರಣವನ್ನು ಮುಂದೆ ನಿವೇದಿಸಿಕೊಳ್ಳುತ್ತೇನೆ.

ತಮಗಿಂತ ಮುಂಚೆ ಆ ಹುದ್ದೆಯಲ್ಲಿದ್ದವರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾಗುತ್ತದೆ. ಅವರು ಮೆತ್ತನೆಯ ಜೀವ. ಕೆರೆ ಏರಿಯ ಜೇಡಿಮಣ್ಣಿರಲಿ, ಲಾರಿಯಿಂದ ಸೋರಿದ ಎಣ್ಣೆಯಿರಲಿ, ಗೋಡೆಗೆ ಹಲ್ಲಿ ಅಂಟಿಕೊಂಡ ಹಾಗೆ ನೆಲ ಹಿಡಿದು ಹೋಗುತ್ತಿದ್ದರು, ಆದರೆ ಹಾಗೆ ಹಿಡಿದ ಪ್ರತಿ ಸಲವೂ ತಮ್ಮ ಮೈಯನ್ನು ಇಷ್ಟಿಷ್ಟೇ ರಸ್ತೆಗೆ ಕೊಟ್ಟು, ಒಂಬತ್ತು ತಿಂಗಳಿಗೆಲ್ಲ ಒಳಗಿನ ನೂಲು ಕಾಣುವಂತಾಗಿ ಕಾಲವಾದರು. ನಮ್ಮ ತಂದೆಯವರಿಗೆ ಅದರಿಂದಾದ ನೋವು ಅಷ್ಟಿಷ್ಟಲ್ಲ. "ಇದೇನ್ಲಾ ಇದು, ನೆಟ್ಟಗೆ ಒಂದ್ ವರ್ಸ ತಡೀಲಿಲ್ವಲ್ಲ" ಎಂದು ಮೂರು ದಿನ ಹೇಳಿಕೊಂಡು, ನಾಲ್ಕನೆಯ ದಿನ ಅವರನ್ನು ಕೊಯ್ಯಿಸಿ ಚಪ್ಪಲಿ ಮಾಡಿಸಿ ಮೆಟ್ಟಿಕೊಂಡರು. ಆ ಚಪ್ಪಲಿಯೂ ಗದ್ದೆಯ ಬದುವಿನ ಮೇಲೆ ಒಂದು ದಿನಕ್ಕೂ ಜಾರಿದ್ದಿಲ್ಲ.

ಇನ್ನು ತಮ್ಮ ನೇಮಕಾತಿಯ ವಿಷಯ. ಹೋದ ವರ್ಷ ಯುಗಾದಿಯಾದ ಮುಂದಿನ ವಾರ, ಟೈರ್ ತರಲು ನನ್ನೊಬ್ಬನನ್ನೇ ಕಳಿಸುವುದು ಕ್ಷೇಮವಲ್ಲವೆಂದು ನಮ್ಮ ತಂದೆಯವರು ತೀರ್ಮಾನಿಸಿ, ದನದ ವ್ಯಾಪಾರದಲ್ಲಿ ಸುತ್ತಲ ಹತ್ತು ಹಳ್ಳಿಗೆ ದಲ್ಲಾಳಿಯಾದ ನಲ್ಲಪ್ಪನವರನ್ನು ಕರೆದುಕೊಂಡು ನನ್ನ ಜೊತೆ ಬೆಂಗಳೂರಿಗೆ ಹೊರಟರು. ಅಂಗಡಿಯವರು ಪಾಪ ಸತ್ಯವಂತರು. ಎರಡು ಟೈರ್‌ಗಳನ್ನು ಮುಂದಿಟ್ಟು, "ಇದು ಮೆತ್ತಗಿದೆ ಸಾರ್, ರೋಡ್ ಚೆನ್ನಾಗಿ ಹಿಡಿಯುತ್ತೆ, ಆದ್ರೆ ಬೇಗ ಸವೆಯುತ್ತೆ. ಇದು ಗಟ್ಟಿ, ವರ್ಷಗಟ್ಟಲೆ ಬರುತ್ತೆ, ಆದ್ರೆ ಮಳೇಲಿ ಸ್ವಲ್ಪ ಹುಷಾರಾಗಿರ್ಬೇಕು" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನಲ್ಲಪ್ಪನವರು ಮಾತಿಗೆ ಬೆಲೆ ಕೊಡುವವರಲ್ಲ. ಎರಡೂ ಟೈರ್‌ಗಳ ಸುತ್ತ ತಿರುಗಿ, ಬೆನ್ನು ತಟ್ಟಿ, ಹಲ್ಲು ನೋಡಿ, ಕೊನೆಗೆ ಹೆಬ್ಬೆರಳಿನ ಉಗುರನ್ನು ಒತ್ತಿದರು. ಮೊದಲನೆಯದರಲ್ಲಿ ಉಗುರು ಇಳಿಯಿತು. ತಮ್ಮಲ್ಲಿ ಇಳಿಯಲಿಲ್ಲ. "ಚಿಕ್ಕಬೈರಣ್ಣ, ಉಗುರೇ ಮಡಿಚ್ಕೊಂತು, ಇದನ್ನ ಹೊಡ್ಕೊಂಡ್ ನಡಿ" ಎಂದರು.

ಮಳೆಯ ಮಾತನ್ನು ಅಂಗಡಿಯವರು ಮತ್ತೊಮ್ಮೆ ಎತ್ತಿದಾಗ ನಮ್ಮ ತಂದೆಯವರು, "ಮಳೇಲಿ ಯಾವ್ ಎತ್ತು ಜಾರಾಕಿಲ್ಲ ಯೋಳಿ ಸಾಮಿ" ಎಂದು ಕೇಳಿದರು. ಆಮೇಲೆ ನಲ್ಲಪ್ಪನವರು ದನದ ಜಾತ್ರೆಯಲ್ಲಿ ಮಾಡುವ ಹಾಗೆ ಅಂಗಡಿಯವರ ಕೈಮೇಲೆ ಟವೆಲ್ ಹೊದಿಸಿ, ಒಳಗಿನಿಂದ ಅವರ ಮೂರು ಬೆರಳು ಹಿಡಿದು ತಮ್ಮ ಬೆಲೆಯನ್ನು ಸೂಚಿಸಿದರು. ಅಂಗಡಿಯವರು ಅದನ್ನು ಸ್ನೇಹವೆಂದು ತಿಳಿದು ಕೈ ಕುಲುಕಿದರು, ನಲ್ಲಪ್ಪನವರು ಅದನ್ನು ಒಪ್ಪಿಗೆಯೆಂದು ತಿಳಿದು ಟವೆಲ್ ಕೊಡವಿದರು. ಈ ನಡುವೆ, ಐ.ಟಿ.ಐ. ಪಾಸು ಮಾಡಿ, ಯಾವ ವಸ್ತು ಎಷ್ಟು ಗಟ್ಟಿ ಎಷ್ಟು ಮೆದು ಎಂದು ಅಳೆಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡಿರುವ ನಾನು, ಯಾವ ಟೈರ್ ಬೇಕೆಂದು ಚೆನ್ನಾಗಿ ಗೊತ್ತಿದ್ದೂ, ಬಾಯಿ ಬಿಡದೆ ಪಕ್ಕದಲ್ಲಿ ನಿಂತಿದ್ದೆ. ಇದನ್ನು ತಮ್ಮಲ್ಲಿ ಒಪ್ಪಿಕೊಳ್ಳುತ್ತೇನೆ. ನಮ್ಮ ತಂದೆಯವರು ಒಂದು ವಸ್ತುವನ್ನು ಚೆನ್ನಾಗಿದೆ ಎಂದ ಮೇಲೆ ಇಲ್ಲ ಎನ್ನುವ ಧೈರ್ಯ ನನಗೆ ಮೂವತ್ತೊಂದು ವರ್ಷವಾದರೂ ಬಂದಿಲ್ಲ.

ತಮ್ಮ ಸೇವಾವಧಿಯ ಬಗ್ಗೆ ಹೊಗಳಿ ಮುಗಿಸಲಾಗದು. ಸೋಮವಾರ ನಮ್ಮಲ್ಲಿ ಎತ್ತಿಗೆ ನೊಗ ಹೂಡುವುದಿಲ್ಲ, ಆದ್ದರಿಂದ ಅವತ್ತು ನಮ್ಮ ತಂದೆಯವರಿಗೆ ಬಿಡುವು. ಎತ್ತುಗಳ ಮೈ ತಿಕ್ಕಿದ ಮೇಲೆ ಅವರು ತಮ್ಮ ಹತ್ತಿರ ಬಂದು, ಕುಕ್ಕರುಗಾಲಲ್ಲಿ ಕೂತು, ಉಗುರು ಒತ್ತಿ, "ಇನ್ನೂ ಹಾಲುಹಲ್ಲು" ಎಂದು ಮೆಚ್ಚಿ ಏಳುತ್ತಾರೆ. ಊರಿಗೆ ಬಂದ ನೆಂಟರಿಗೆ ತಮ್ಮನ್ನು ತೋರಿಸುತ್ತಾರೆ. ಬೊಮ್ಮನಹಳ್ಳಿಯಿಂದ ನಮ್ಮ ದೊಡ್ಡಮ್ಮನ ಮಗ ಬಂದಾಗ ಕಾಫಿಗಿಂತ ಮುಂಚೆ ತಮ್ಮ ದರ್ಶನವಾಯಿತು. ಹೊಸ ಟೈರಿನ ಮೈಮೇಲೆ ಎಳೆಗೂಸಿನ ಹುಟ್ಟುಗೂದಲಿನ ಹಾಗೆ ಸಣ್ಣ ಸಣ್ಣ ರಬ್ಬರ್ ಎಳೆಗಳಿರುತ್ತವಲ್ಲ, ಅವು ಬೇರೆಯವರಿಗೆ ವಾರದೊಳಗೆ ಉದುರಿದರೆ ತಮಗೆ ಹದಿಮೂರು ತಿಂಗಳಾದರೂ ಉದುರಿಲ್ಲ. ಯಾವುದಾದರೂ ದೇವರಿಗೆ ತಮ್ಮ ಮುಡಿ ಹರಕೆ ಇದ್ದರೆ ತಿಳಿಸಿ, ಖರ್ಚು ನನ್ನದು.

ತಮ್ಮನ್ನು ಬಿಚ್ಚಿಸಿ ಬೇರೊಬ್ಬರನ್ನು ಹಾಕಿಸಿಕೊಂಡರಾಯಿತಲ್ಲ ಎಂದು ತಾವು ಕೇಳಬಹುದು. ನಮ್ಮ ಮನೆಯ ಪದ್ಧತಿ ತಮಗೆ ಗೊತ್ತಿಲ್ಲ. ನಮ್ಮಲ್ಲಿ ಪೊರಕೆ ಮುಷ್ಟಿಯಷ್ಟಾಗುವ ತನಕ ಪೊರಕೆಯೇ, ಕಂಬಳಿ ತೂತಾದ ಮೇಲೆ ಕರುವಿನ ಹೊದಿಕೆ, ಅದೂ ಹರಿದ ಮೇಲೆ ಪಾತ್ರೆ ಹಿಡಿಯುವ ಬಟ್ಟೆ. ಸವೆಯದ ವಸ್ತುವನ್ನು ಕೆಲಸದಿಂದ ತೆಗೆಯುವುದು ನಮ್ಮ ತಂದೆಯವರ ದೃಷ್ಟಿಯಲ್ಲಿ ಅನ್ನಕ್ಕೆ ಕಾಲು ತಾಗಿಸಿದಷ್ಟೇ ತಪ್ಪು. ಗುಟ್ಟಾಗಿ ಬದಲಾಯಿಸೋಣವೆಂದರೆ ಸೋಮವಾರದ ಉಗುರು ಇದ್ದೇ ಇದೆ. ಹೀಗಾಗಿ ತಾವು ಖಾಯಂ ನೌಕರರು, ನಾನು ದಿನಗೂಲಿ.

ಹೋದ ವರ್ಷ ಜೂನ್ ಆರನೆಯ ತಾರೀಕಿನ ಘಟನೆ ತಮ್ಮ ನೆನಪಿನಲ್ಲಿರಬಹುದು. ಮೊದಲ ಮಳೆ ಬಿದ್ದ ಮರುಬೆಳಿಗ್ಗೆ, ಕೆರೆ ಏರಿಯ ಮೇಲೆ, ಒಂದು ಎಮ್ಮೆ ತನ್ನ ಹಕ್ಕಿನ ರಸ್ತೆಯನ್ನು ತನಗೆ ತೋಚಿದ ನಿಧಾನದಲ್ಲಿ ದಾಟುತ್ತಿತ್ತು. ನಾನು ಬ್ರೇಕ್ ಒತ್ತಿದೆ. ಚಕ್ರ ನಿಂತಿತು, ತಾವೂ ತಿರುಗುವುದನ್ನು ನಿಲ್ಲಿಸಿದಿರಿ, ಗಾಡಿ ಮಾತ್ರ ನಿಲ್ಲಲಿಲ್ಲ. ತಾವು ಬಲಕ್ಕೆ ಹೋದಿರಿ, ನಾನು ಎಡಕ್ಕೆ ಹೋದೆ, ವಸಂತಮ್ಮ ನಡುವೆ ಮೊಣಕೈ ಊರಿ ಹತ್ತು ಅಡಿ ಜಾರಿಕೊಂಡು ಹೋದಳು. ಅವಳ ಬುತ್ತಿಯ ಡಬ್ಬಿ ಬಿಚ್ಚಿ ಅದರೊಳಗಿದ್ದ ರಾಗಿಮುದ್ದೆ ರಸ್ತೆಗೆ ಬಿತ್ತು. ಆ ಒದ್ದೆ ರಸ್ತೆಯ ಮೇಲೆ ಆ ದಿನ ಬಿದ್ದವರೆಲ್ಲರ ಪೈಕಿ, ಬಿದ್ದ ಜಾಗದಲ್ಲೇ ನೆಲ ಕಚ್ಚಿ ನಿಂತದ್ದು ಆ ಮುದ್ದೆಯೊಂದೇ. ತಮ್ಮ ತಯಾರಕರು ಯಾವತ್ತಾದರೂ ನಮ್ಮ ಅಮ್ಮನ ಹತ್ತಿರ ಬಂದು ಹದ ಕೇಳಿಕೊಂಡು ಹೋಗುವುದಾದರೆ ಅವರು ಮುಚ್ಚುಮರೆಯಿಲ್ಲದೆ ಹೇಳಿಕೊಡುತ್ತಾರೆ.

ವಸಂತಮ್ಮನ ಬಲ ಮೊಣಕೈಯ ಚರ್ಮ ಬೆಳ್ಳುಳ್ಳಿ ಸಿಪ್ಪೆಯ ಹಾಗೆ ಸುಲಿದು ಬಂದಿತ್ತು. ಅವಳು ಅಳಲಿಲ್ಲ. ಎದ್ದು ಸೀರೆ ಕೊಡವಿಕೊಂಡು ಎರಡು ಮಾತು ಹೇಳಿದಳು. ಮೊದಲನೆಯದು, "ಈ ಟೈರ್ ಇರೋಗಂಟ ನಾನು ಇದ್ರ ಮೇಲೆ ಕೂರಲ್ಲ." ಎರಡನೆಯದು, "ಮಾವಂಗೆ ಹೇಳ್ಬೇಡಿ, ತಾನೇ ಆರಿಸಿದ್ದು ಅಂತ ನೊಂದ್ಕೋತಾರೆ." ಮನೆಗೆ ಹೋಗಿ ನಮ್ಮ ಅಮ್ಮ ಬೈರಮ್ಮನವರಿಗೆ, ಬೆಳಿಗ್ಗೆ ಹೊರಡುವಾಗ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದೆ ಎಂದಳು. ಅವತ್ತಿನಿಂದ ನಮ್ಮಮ್ಮ ಆ ಕಲ್ಲನ್ನು ವಾರಕ್ಕೆ ಎರಡು ಸಲ ಬೂದಿ ಹಾಕಿ ತೆಂಗಿನ ನಾರಿನಿಂದ ಉಜ್ಜುತ್ತಿದ್ದಾರೆ. ತಾವು ಮಾಡಿದ ಕೆಲಸಕ್ಕೆ ಏನೂ ಅರಿಯದ ಒಂದು ಚಪ್ಪಡಿ ಕಲ್ಲು ವರ್ಷವಿಡೀ ಉಜ್ಜಿಸಿಕೊಳ್ಳುತ್ತಿದೆ ಎಂಬುದು ತಮ್ಮ ಗಮನಕ್ಕೆ ಬರಲಿ.

ತಮ್ಮನ್ನು ಒಲಿಸಿಕೊಳ್ಳಲು ನಾನು ಪ್ರಯತ್ನಿಸಲಿಲ್ಲವೆಂದಲ್ಲ. ಪಂಕ್ಚರ್ ಅಂಗಡಿಯ ಆಂಜಿನಪ್ಪನವರು, ಗಾಳಿ ಕಮ್ಮಿ ಮಾಡಿದರೆ ಟೈರ್ ನೆಲಕ್ಕೆ ಒಗ್ಗುತ್ತದೆ ಎಂದದ್ದರಿಂದ ಗಾಳಿ ಇಳಿಸಿದೆ, ಚಕ್ರದ ನಾಲ್ಕು ಕಡ್ಡಿ ಮುರಿದವು, ತಾವು ಒಗ್ಗಲಿಲ್ಲ. ತಂದೆಯವರು ಊರಲ್ಲಿಲ್ಲದ ಒಂದು ಭಾನುವಾರ ಕಬ್ಬಿಣ ಉಜ್ಜುವ ಅರ ತಂದು ತಮ್ಮ ಮೈಯನ್ನು ತರಿ ಮಾಡಲು ಒಂದು ಗಂಟೆ ಉಜ್ಜಿದೆ, ಅರದ ಹಲ್ಲು ಹೋಯಿತು, ತಾವು ಮೊದಲಿಗಿಂತ ನುಣುಪಾಗಿ ಹೊಳೆದಿರಿ. ಸವೆಸಿಯಾದರೂ ನೋಡೋಣವೆಂದು ಹನ್ನೊಂದು ಭಾನುವಾರ, ಯಾವ ಕೆಲಸವೂ ಇಲ್ಲದೆ, ಜಲ್ಲಿ ಹಾಕಿದ ರಸ್ತೆಗಳನ್ನೇ ಹುಡುಕಿಕೊಂಡು ಅತ್ತಿಬೆಲೆಗೆ ಹೋಗಿ ಟೀ ಕುಡಿದು ವಾಪಸು ಬಂದೆ. ಆ ಓಡಾಟದಲ್ಲಿ ಚೈನು ಸವೆಯಿತು, ಬ್ರೇಕ್ ಸವೆಯಿತು, ಮುಂದಿನ ಟೈರ್ ಸವೆಯಿತು, ನನ್ನ ಪ್ಯಾಂಟಿನ ಹಿಂಭಾಗ ಸವೆಯಿತು. ಅತ್ತಿಬೆಲೆಯ ಟೀ ಅಂಗಡಿಯವರು, "ಏನ್ ಸಾರ್, ಈ ಕಡೆ ಜಮೀನ್ ಏನಾದ್ರೂ ನೋಡ್ತಿದ್ದೀರಾ" ಎಂದು ವಿಚಾರಿಸತೊಡಗಿದ ಮೇಲೆ ನಿಲ್ಲಿಸಿದೆ. ಇದುವರೆಗೆ ತಮಗೆ ಒಂದು ಪಂಕ್ಚರ್ ಕೂಡ ಆಗಿಲ್ಲ. ಆಂಜಿನಪ್ಪನವರು ಇದನ್ನು ಸ್ವಂತ ಅವಮಾನವೆಂದು ತೆಗೆದುಕೊಂಡಿದ್ದಾರೆ.

ಆಯುಧಪೂಜೆಯ ದಿನ ತಾವು ನಡೆದುಕೊಂಡ ರೀತಿಯನ್ನಂತೂ ಊರು ಮರೆತಿಲ್ಲ. ವಾಡಿಕೆಯಂತೆ ನಮ್ಮ ತಂದೆಯವರು ಚಕ್ರಗಳ ಕೆಳಗೆ ಒಂದೊಂದು ನಿಂಬೆಹಣ್ಣಿಟ್ಟು, ಮಂಗಳಾರತಿ ಮಾಡಿ, ಗಾಡಿ ಮುಂದಕ್ಕೆ ಬಿಡು ಎಂದರು. ಮುಂದಿನ ಚಕ್ರದವರು ಮರ್ಯಾದೆಯಾಗಿ ನಿಂಬೆಹಣ್ಣು ಹಿಂಡಿದರು. ತಾವು ಅದರ ಮೇಲೇ ನಿಂತಲ್ಲಿ ಗಿರಗಿರನೆ ತಿರುಗಿ, ಅದನ್ನು ಹಿಂದಕ್ಕೆ ಚಿಮ್ಮಿದಿರಿ, ಅದು ಹೋಗಿ ನಲ್ಲಪ್ಪನವರ ಮೊಣಕಾಲಿಗೆ ಬಡಿಯಿತು. ಎತ್ತಿ ನೋಡಿದರೆ ಒಂದು ಗೀರೂ ಇರಲಿಲ್ಲ. ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಂದೆಯವರು ಮಾತ್ರ, "ನೋಡ್ರಪ್ಪ, ಏನ್ ಕಸುವು ಐತೆ" ಎಂದು ಹೆಮ್ಮೆಪಟ್ಟರು. ಆ ನಿಂಬೆಹಣ್ಣಿನಲ್ಲಿ ನಮ್ಮಮ್ಮ ಮರುದಿನ ಚಿತ್ರಾನ್ನ ಮಾಡಿದರು.

ಈಗ ದಿನನಿತ್ಯದ ಪರಿಸ್ಥಿತಿಯನ್ನು ಹೇಳಿ ಮುಖ್ಯ ವಿಷಯಕ್ಕೆ ಬರುತ್ತೇನೆ. ಹನ್ನೊಂದು ತಿಂಗಳಿಂದ ವಸಂತಮ್ಮ ಬೆಳಿಗ್ಗೆ ಆರೂಕಾಲರ ಬಸ್ಸಿನಲ್ಲಿ ನಿಂತುಕೊಂಡು ಹೋಗುತ್ತಾಳೆ. ಮನೆಯಲ್ಲಿ, ಬಸ್ಸಿನಲ್ಲಿ ಜೊತೆಗೆ ಹೆಂಗಸರಿರುತ್ತಾರೆ, ಮಾತಾಡಿಕೊಂಡು ಹೋಗಬಹುದು ಎಂದು ಹೇಳಿದ್ದಾಳೆ. ನಾನು ಅದೇ ಬಸ್ಸಿನ ಹಿಂದೆ, ಅದರ ಹೊಗೆ ಕುಡಿಯುತ್ತಾ, ಖಾಲಿ ಹಿಂಬದಿ ಸೀಟಿನೊಂದಿಗೆ ವೈಟ್‌ಫೀಲ್ಡ್‌ವರೆಗೆ ಹೋಗುತ್ತೇನೆ. ಅವಳು ಹಿಂದಿನ ಕಿಟಕಿಯಿಂದ ಒಮ್ಮೊಮ್ಮೆ ನನ್ನನ್ನು ನೋಡುತ್ತಾಳೆ. ಕಂಡಕ್ಟರು ಕೂಡ, "ಏನಣ್ಣಾ, ನಮ್ ಬಸ್ಸಿಗೆ ಕಾವಲಾ" ಎಂದು ಕೇಳಿಯಾಗಿದೆ. ನನ್ನ ಬಲ ಹೆಗಲ ಮೇಲೆ ಇರುತ್ತಿದ್ದ ಆ ಕೈ ನನಗೆ ಬೇಕು ಮಾನ್ಯರೇ. ಅದಿದ್ದಾಗ ಅದರ ಭಾರ ಗೊತ್ತಾಗುತ್ತಿರಲಿಲ್ಲ, ಈಗ ಇಲ್ಲದಿರುವುದು ದಾರಿಯುದ್ದಕ್ಕೂ ಗೊತ್ತಾಗುತ್ತದೆ. ಇದನ್ನು ಅವಳಿಗೆ ಹೇಳಿಲ್ಲ, ತಮಗೆ ಹೇಳುತ್ತಿದ್ದೇನೆ.

ಇಷ್ಟಕ್ಕೇ ನಿಂತಿದ್ದರೆ ತಮಗೆ ತೊಂದರೆ ಕೊಡುತ್ತಿರಲಿಲ್ಲ. ಜೂನ್ ಒಂದರಿಂದ ಅವಳ ಕೆಲಸ ಬೆಳಿಗ್ಗೆ ಆರೂವರೆಗೇ ಶುರುವಾಗುತ್ತದೆ. ಮೊದಲ ಬಸ್ಸು ಊರು ಬಿಡುವುದೇ ಆರೂಕಾಲಿಗೆ, ಮುಟ್ಟುವುದು ಏಳಕ್ಕೆ. ಹೊತ್ತಿಗೆ ಸರಿಯಾಗಿ ಬರುವುದಾದರೆ ಬನ್ನಿ, ಇಲ್ಲದಿದ್ದರೆ ಬಿಡಿ ಎಂದು ಮೇಲ್ವಿಚಾರಕರು ಹೇಳಿದ್ದಾರೆ. ಗಾಡಿ ಹತ್ತದೆ ಬೇರೆ ದಾರಿಯಿಲ್ಲ. ಏರಿಯ ಮೇಲೆ ಮಳೆಗಾಲದಲ್ಲಿ ಮತ್ತೆ ಬೀಳುವುದಕ್ಕಿಂತ ಕೆಲಸ ಬಿಡುವುದೇ ಮೇಲು ಎಂದು ಅವಳು ನಿಶ್ಚಯಿಸಿದ್ದಾಳೆ. ಕೂದಲೆಳೆಯಂಥ ತಂತಿಗಳನ್ನು ಕೈ ನಡುಗದೆ ಜೋಡಿಸುವುದರಲ್ಲಿ ಆ ಕಾರ್ಖಾನೆಯಲ್ಲಿ ಅವಳನ್ನು ಮೀರಿಸಿದವರಿಲ್ಲ, ಆ ಕೆಲಸವೆಂದರೆ ಅವಳಿಗೆ ಪ್ರಾಣ. ನಮ್ಮ ತಂದೆಯವರು, ಪಾಪ ಸೊಸೆಗೆ ಸುಸ್ತಾಗಿದೆ, ಬಿಡಲಿ ಬಿಡು ಎಂದುಕೊಂಡಿದ್ದಾರೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಇಷ್ಟು. ತಾವು ಮೇ ತಿಂಗಳು ಮುಗಿಯುವುದರೊಳಗೆ ಒಂದು ಬೆರಳಿನಷ್ಟಾದರೂ ಸವೆದುಕೊಡಬೇಕು. ಅದು ತಮ್ಮ ಘನತೆಗೆ ಕಡಿಮೆಯೆನಿಸಿದರೆ, ಮಳೆ ಬಂದ ದಿನಗಳಲ್ಲಿ ಮಾತ್ರ, ಅದೂ ಏರಿಯ ಮೇಲಿನ ನಾಲ್ಕು ಫರ್ಲಾಂಗು ಮಾತ್ರ, ತಾವು ಮೆತ್ತಗಾಗಿ ಆಮೇಲೆ ಯಥಾಸ್ಥಿತಿಗೆ ಮರಳಬಹುದು. ಅದೂ ಆಗದಿದ್ದರೆ ಆರೋಗ್ಯದ ಕಾರಣ ಕೊಟ್ಟು ರಾಜೀನಾಮೆ ಸಲ್ಲಿಸಿ, ಬೀಳ್ಕೊಡುಗೆಗೆ ಹಾರ ತರಿಸುತ್ತೇನೆ. ಕಡೇಪಕ್ಷ ಸೋಮವಾರ ನಮ್ಮ ತಂದೆಯವರು ಉಗುರು ಒತ್ತಿದಾಗ ಒಂದೇ ಒಂದು ಸಲ, ಸುಳ್ಳಿಗಾದರೂ, ಉಗುರನ್ನು ಒಳಗೆ ಬಿಟ್ಟುಕೊಳ್ಳಿ.

ಇದನ್ನು ಬಹಿರಂಗ ಪತ್ರವಾಗಿ ಬರೆದು ಡೇರಿಯ ನೋಟಿಸ್ ಬೋರ್ಡಿಗೆ ಅಂಟಿಸಲು ಕಾರಣ, ದಿನಾ ಗಾಡಿ ನಿಲ್ಲುವುದು ಆ ಬೋರ್ಡಿನ ಎದುರಿಗೇ ಆದ್ದರಿಂದ ತಾವು ಬಿಡುವಾಗಿ ಓದಿಕೊಳ್ಳಬಹುದೆಂದು. ನಮ್ಮ ತಂದೆಯವರೂ ಬೆಳಿಗ್ಗೆ ಹಾಲು ಹಾಕಲು ಅಲ್ಲಿಗೆ ಬರುತ್ತಾರೆ. ಅವರಿಗೆ ಓದಲು ಬರುವುದಿಲ್ಲ. ಡೇರಿಯ ಕಾರ್ಯದರ್ಶಿ ಶ್ಯಾಮಣ್ಣನವರಿಗೆ ಮಾತ್ರ ಯಾವ ನೋಟಿಸನ್ನೂ ಜೋರಾಗಿ ಓದದೆ ಇರಲು ಬರುವುದಿಲ್ಲ. ಇದು ನನಗೆ ಮೊದಲೇ ಗೊತ್ತಿತ್ತೇ ಎಂದು ಯಾರಾದರೂ ತಮ್ಮನ್ನು ಕೇಳಿದರೆ, ಎಂದಿನ ಹಾಗೆ ಗಟ್ಟಿಯಾಗಿರಿ.

ತಮ್ಮ ಸವೆತವನ್ನೇ ಎದುರುನೋಡುತ್ತಾ, ಈ ಹದಿಮೂರು ತಿಂಗಳಲ್ಲಿ ತಮಗಿಂತ ಹೆಚ್ಚು ಸವೆದಿರುವ,

ತಮ್ಮ ವಿಶ್ವಾಸಿ,
ಚಿ. ಗೋಪಾಲಪ್ಪ

ತಾ.ಕ. (ಜೂನ್ ೧೨): ತಾವು ಉತ್ತರಿಸದಿದ್ದರೂ, ನಡೆದದ್ದನ್ನು ತಿಳಿಸುವುದು ನನ್ನ ಧರ್ಮ. ಶ್ಯಾಮಣ್ಣನವರು ಪತ್ರವನ್ನು ವಿಷಯದಿಂದ ಸಹಿಯವರೆಗೆ ಎರಡು ಸಲ ಓದಿದರಂತೆ. ನಮ್ಮ ತಂದೆಯವರು ಕ್ಯಾನು ಖಾಲಿ ಮಾಡಿ ನೇರ ಮನೆಗೆ ಬಂದು, ವಸಂತಮ್ಮನನ್ನು ಅಂಗಳಕ್ಕೆ ಕರೆದು, ಮೊಣಕೈ ತೋರಿಸು ಎಂದರು. ಕಲೆಯನ್ನು ಬಗ್ಗಿ ನೋಡಿದರು. "ನಂಗ್ಯಾಕವ್ವ ಯೋಳ್ಲಿಲ್ಲ? ಐಬು ಗೊತ್ತಾದ್ ಮ್ಯಾಕೆ ನಾನು ಎತ್ತನ್ನೇ ಮನೇಲಿ ಮಡಿಕ್ಕೊಂಡೋನಲ್ಲ" ಎಂದರು. ನನ್ನ ಕಡೆ ತಿರುಗದೆ, "ಅದ್ಸರಿ, ಟೈರ್ ಏನಂತು" ಎಂದು ಕೇಳಿದರು. ಇನ್ನೂ ಉತ್ತರ ಬಂದಿಲ್ಲ ಎಂದೆ. ಅವತ್ತೇ ತಮ್ಮನ್ನು ಬಿಚ್ಚಿಸಿದರು. ಬಿಚ್ಚುವಾಗ ಆಂಜಿನಪ್ಪನವರು ಹಾಡು ಗುನುಗುತ್ತಿದ್ದರು.

ಹೊಸಬರನ್ನು ಆರಿಸಲು ನಲ್ಲಪ್ಪನವರಿಗೆ ಹೇಳಿಕಳಿಸಲಿಲ್ಲ, ವಸಂತಮ್ಮನೇ ಬಂದು ಉಗುರು ಒತ್ತಿ, ಇಳಿಯಿತೆಂದು ಖಾತ್ರಿ ಮಾಡಿಕೊಂಡು ತಂದಳು. ಈಗ ಅವಳು ಆರೂವರೆಗೆ ಐದು ನಿಮಿಷ ಮುಂಚೆಯೇ ಕಾರ್ಖಾನೆಯ ಬಾಗಿಲಲ್ಲಿರುತ್ತಾಳೆ. ಏರಿಯ ಮೇಲೆ ಅವಳ ಕೈ ಇನ್ನೂ ಹೆಗಲನ್ನು ಬಿಗಿಯಾಗಿ ಹಿಡಿಯುತ್ತದೆ, ಆದ್ದರಿಂದ ಅಲ್ಲಿ ನಾನು ಅಗತ್ಯಕ್ಕಿಂತ ನಿಧಾನ ಹೋಗುತ್ತೇನೆ. ಹೊಸಬರು ಆಗಲೇ ಸವೆಯಲು ಶುರು ಮಾಡಿದ್ದಾರೆ. ಸೋಮವಾರ ತಂದೆಯವರು ಉಗುರು ಒತ್ತುತ್ತಾರೆ, ಇಳಿದ ಉಗುರನ್ನು ಪಂಚೆಗೆ ಒರೆಸಿಕೊಂಡು ಎದ್ದು ಹೋಗುತ್ತಾರೆ.

ತಮ್ಮನ್ನು ಬಿಸಾಡಿಲ್ಲ, ನಮ್ಮ ಮನೆಯ ಪದ್ಧತಿ ಅಂಥದ್ದಲ್ಲ. ಚಪ್ಪಲಿ ಹೊಲಿಯುವವರ ಎರಡು ಉಳಿ ಮುರಿದ ಮೇಲೆ ನಾನೇ ಗರಗಸದಲ್ಲಿ ಕೊಯ್ದುಕೊಟ್ಟೆ, ಹುಟ್ಟುಗೂದಲ ಸಮೇತ ತಾವೀಗ ನಮ್ಮ ತಂದೆಯವರ ಕಾಲಲ್ಲಿದ್ದೀರಿ. ನಿನ್ನೆ ಮಳೆಯಲ್ಲಿ ಅವರು, ನಮ್ಮಮ್ಮ ವರ್ಷದಿಂದ ಉಜ್ಜಿಟ್ಟಿರುವ ಆ ಒಗೆಯುವ ಕಲ್ಲಿನ ಹತ್ತಿರವೇ ಜಾರಿ ಕೂತರು. ಕಂಡವಳು ವಸಂತಮ್ಮ ಒಬ್ಬಳೇ. "ನಿಮ್ಮತ್ತೆಗೆ ಯೋಳ್ಬೇಡ ಕಣವ್ವ" ಎಂದು ಕೇಳಿಕೊಂಡರಂತೆ. "ಆಯ್ತು ಮಾವ, ಅತ್ತೆ ಕೇಳಿದ್ರೆ ಗಾಡಿಯಿಂದ ಬಿದ್ದೆ ಅಂತ ಹೇಳಿ" ಎಂದು ಅವಳು ದಾರಿ ತೋರಿಸಿದ್ದಾಳೆ.